ಮರೆಯುವ ನೆಲ

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಪ್ರದರ್ಶನಾಲಯದ ಮ್ಯಾನೇಜರ್ ಎರಡು ಪುಟದ ದೂರು ಹಿಡಿದು ಠಾಣೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ನಿದ್ದೆಗೆಟ್ಟ ಕಣ್ಣು. ಇನ್ಸ್‌ಪೆಕ್ಟರ್ ಮೊದಲ ಪುಟ ಓದಿ ತಲೆ ಎತ್ತಿದರು.

“ಬೆಂಕಿ ಬಿದ್ದದ್ದು ಎಲ್ಲಿ?”

“ಎಲ್ಲೂ ಇಲ್ಲ ಸಾರ್. ಅದೇ ನಮ್ಮ ದೂರು.”

ಹಿಂದಿನ ದಿನ ಭಾನುವಾರ ಸಂಜೆ ನಾಲ್ಕೂವರೆಗೆ, ಜನ ಕಿಕ್ಕಿರಿದಿದ್ದ ಹೊತ್ತಿನಲ್ಲಿ, ಯಾರೋ ಬೆಂಕಿಯ ಗಂಟೆ ಬಾರಿಸಿದ್ದರು. ಸಿಬ್ಬಂದಿ ಓಡಾಡುವ ಓಣಿಯ ಗೋಡೆಯಲ್ಲಿದ್ದ ಕೆಂಪು ಡಬ್ಬಿಯ ಗಾಜು ಒಡೆದು ಗುಂಡಿ ಒತ್ತಿದ್ದರು. ಜನ ಎದ್ದೆನೋ ಬಿದ್ದೆನೋ ಎಂದು ಓಡಿದರು. ಆ ನೂಕುನುಗ್ಗಲಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮೆಟ್ಟಿಲ ಮೇಲಿಂದ ಉರುಳಿ ಸೊಂಟದ ಮೂಳೆ ಮುರಿದುಕೊಂಡಿದ್ದರು.

“ಇದೇ ಮೊದಲಾ?”

“ಮೂರನೇದು. ತಿಂಗಳ ಹಿಂದೆ ಒಳಗೇಟಿನ ಸೆನ್ಸರಿಗೆ ಯಾರೋ ಅಂಟುಪಟ್ಟಿ ಹಚ್ಚಿದ್ರು. ಗೇಟು ತೆರೀಲೇ ಇಲ್ಲ. ಆಮೇಲೆ ಅದೇ ಗೇಟಿನ ತಂತಿ ಕತ್ತರಿಸಿದ್ರು. ಯಾರದೋ ಚೇಷ್ಟೆ ಅಂತ ಸುಮ್ಮನಾದ್ವಿ.”

“ಅನುಮಾನ?”

“ನಮ್ಮ ಗಾರ್ಡ್ ಮೇಲೆ. ಡಬ್ಬಿ ಇರೋದು ಅವನ ಕುರ್ಚಿ ಪಕ್ಕದಲ್ಲೇ. ಬೆಳಿಗ್ಗೇನೇ ಕೆಲಸದಿಂದ ನಿಲ್ಲಿಸಿದ್ದೀನಿ.”

“ಅನುಮಾನ ಪಡೋ ಕೆಲಸ ನಮಗೆ ಬಿಟ್ಟಿದ್ರೆ ಚೆನ್ನಾಗಿತ್ತು,” ಎಂದರು ಇನ್ಸ್‌ಪೆಕ್ಟರ್.

ಹನ್ನೊಂದಕ್ಕೆ ಎಫ್ಐಆರ್ ದಾಖಲಾಯಿತು. ಆರೋಪಿಯ ಹೆಸರಿರಬೇಕಾದ ಕಡೆ ‘ಅಪರಿಚಿತ ವ್ಯಕ್ತಿ’ ಎಂದು ಬರೆದರು. ಈ ಅಪರಿಚಿತ ವ್ಯಕ್ತಿಯಷ್ಟು ಅಪರಾಧ ಮಾಡಿದವನು ಯಾವ ಠಾಣೆಯಲ್ಲೂ ಇನ್ನೊಬ್ಬನಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಸ್ಥಳ ಪಂಚನಾಮೆ. ಜೊತೆಗೆ ಬಂದ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ರೇಡಿಯೋ ಎಂದೇ ಹೆಸರು. ಒಮ್ಮೆ ಹಚ್ಚಿದರೆ ಆರಿಸುವ ಗುಂಡಿ ಯಾರಿಗೂ ಸಿಗುತ್ತಿರಲಿಲ್ಲ. ಅವನ ಮುಖದ ಮುಂದೆಯೇ ಹಾಗೆ ಕರೆದರೂ ಅವನಿಗೆ ಬೇಸರವಿರಲಿಲ್ಲ.

ಪ್ರದರ್ಶನದಲ್ಲಿ ಇದ್ದದ್ದು ಒಂದು ನೆಲ. ಚಿತ್ರವಿಲ್ಲ, ಶಿಲ್ಪವಿಲ್ಲ, ದೊಡ್ಡ ಕತ್ತಲೆ ಕೋಣೆಯ ತುಂಬ ಗಾಜಿನ ಚೌಕಗಳು. ಅದನ್ನು ಮಾಡಿದ ಕಲಾವಿದೆ ಮೂವತ್ತರ ಹೆಣ್ಣುಮಗಳು, ಬೆರಳ ತುದಿಗಳಲ್ಲೆಲ್ಲ ಬೆಸುಗೆಯ ಸುಟ್ಟ ಕಲೆ. ಆಕೆ ವಿವರಿಸಿದಳು. ಪ್ರತಿ ಚೌಕದ ಕೆಳಗೂ ಒತ್ತಡವನ್ನು ಗ್ರಹಿಸುವ ಸೆನ್ಸರ್, ಸಣ್ಣ ದೀಪಗಳು, ಉಗುರಿನಷ್ಟು ಅಗಲದ ಒಂದು ಕಂಪ್ಯೂಟರ್. ಬರಿಗಾಲಲ್ಲಿ ನಡೆದರೆ ಪಾದದ ಯಾವ ಭಾಗ ನೆಲ ಮುಟ್ಟಿತೋ ಅಷ್ಟೇ ಬೆಳಗುತ್ತದೆ. ಕೋಣೆ ಖಾಲಿಯಾದಾಗ ನೆಲ ತಾನಾಗಿಯೇ ಹಿಂದೆ ಬಂದವರ ನಡಿಗೆಯನ್ನು ತೋರಿಸುತ್ತದೆ. ಮನುಷ್ಯರು ಕಾಣುವುದಿಲ್ಲ. ಬೆಳಕಿನ ಹೆಜ್ಜೆಗಳು ಬರುತ್ತವೆ, ನಿಲ್ಲುತ್ತವೆ, ಹೋಗುತ್ತವೆ.

“ದೆವ್ವದ ಸಿನಿಮಾದವರಿಗೆ ಬಾಡಿಗೆ ಕೊಡಬಹುದು ಮೇಡಂ,” ಎಂದ ರೇಡಿಯೋ.

ಕಲಾವಿದೆ ನಗಲಿಲ್ಲ.

ಗೇಟಿನ ಪಕ್ಕದಲ್ಲೇ ಟಿಕೆಟ್ ಕೋಣೆ. ಅದಕ್ಕೆ ಎರಡು ಕಿಟಕಿ. ಹೊರಗಿನದು ಟಿಕೆಟ್ ಕೊಡಲು, ಹಿಂದಿನದು ಕತ್ತಲೆ ಕೋಣೆಯೊಳಗೆ ತೆರೆದುಕೊಳ್ಳುವಂಥದು, ಒಳಹೋದವರ ಚೀಲ ಇಸಿದುಕೊಳ್ಳಲು. ಅಲ್ಲಿ ಕೂರುತ್ತಿದ್ದ ನಲವತ್ತೈದರ ಹೆಂಗಸನ್ನು ಎಲ್ಲರೂ ಟಿಕೆಟ್ ಅಕ್ಕ ಎನ್ನುತ್ತಿದ್ದರು. ಫೋಟೋಗ್ರಾಫರ್, ಬೆರಳಚ್ಚಿನವರು, ಇಬ್ಬರು ಪಂಚರು, ಮ್ಯಾನೇಜರ್, ಪೊಲೀಸರು ಎಲ್ಲ ಗೇಟಿನ ಮುಂದೆ ಗುಂಪುಗೂಡಿದ್ದನ್ನು ಕಂಡು ಆಕೆ ಎದ್ದು ಬಂದಳು.

“ಎಲ್ಲರೂ ಒಳಗೆ ಹೋಗ್ಲೇಬೇಕಾ ಸಾರ್? ಬಾಗಿಲಲ್ಲಿ ನಿಂತು ನೋಡಿದ್ರೆ ಆಗಲ್ವಾ?”

“ಪಂಚನಾಮೆ ಅಂದ್ರೆ ಇಣುಕಿ ನೋಡೋದಲ್ಲಮ್ಮ.”

ಆಕೆ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಸರ್ಕಾರಿ ಬೂಟುಗಳು ಗಾಜಿನ ಮೇಲೆ ಮೆರವಣಿಗೆ ಹೊರಟವು. ನಡೆದಲ್ಲೆಲ್ಲ ಬೆಳಕು ಬರುವುದನ್ನು ಕಂಡು ರೇಡಿಯೋಗೆ ಖುಷಿಯೋ ಖುಷಿ. ಟೇಪು ತರುವ ನೆಪ, ಪೆನ್ನು ತರುವ ನೆಪ ಮಾಡಿಕೊಂಡು ಹೊರಗೆ ಹೋಗಿ ಹೋಗಿ ಬಂದ. ಎರಡು ಗಂಟೆಯ ಹೊತ್ತಿಗೆ ಪಂಚನಾಮೆ ಮುಗಿದು ಪ್ರದರ್ಶನಾಲಯಕ್ಕೆ ಬೀಗ ಬಿತ್ತು. ತನಿಖೆ ಮುಗಿಯುವವರೆಗೆ ಸಿಬ್ಬಂದಿಯ ಹೊರತು ಯಾರೂ ಒಳಗೆ ಬರುವಂತಿಲ್ಲ. ವಿದ್ಯುತ್ ಮಾತ್ರ ತೆಗೆಯಬೇಡಿ ಎಂದು ಕಲಾವಿದೆ ಬೇಡಿಕೊಂಡಳು, ತೆಗೆದರೆ ನೆಲ ಎಲ್ಲವನ್ನೂ ಮರೆತುಬಿಡುತ್ತದಂತೆ. ಇನ್ಸ್‌ಪೆಕ್ಟರ್ ಒಪ್ಪಿದರು.

ಮುಂದಿನ ಮೂರು ದಿನ ವಿಚಾರಣೆ. ಓಣಿಯಲ್ಲಿ ಕ್ಯಾಮೆರಾ ಇರಲಿಲ್ಲ. ಒಡೆದ ಗಾಜಿನ ಮೇಲೆ ಬೆರಳಚ್ಚು ಸಿಗಲಿಲ್ಲ. ತಿಳಿದದ್ದು ಒಂದೇ ಸಂಗತಿ: ಮೂರು ಸಲವೂ ಕೇಡು ನಡೆದದ್ದು ದೊಡ್ಡ ಗುಂಪು ಬರಲಿದ್ದ ದಿನ. ಎರಡು ಸಲ ಶಾಲೆಯ ಮಕ್ಕಳು, ಭಾನುವಾರ ಒಂದು ನಿವೃತ್ತರ ಸಂಘ. ಗುಂಪು ಬರುವುದು ಮೊದಲೇ ಗೊತ್ತಿದ್ದದ್ದು ನಾಲ್ವರಿಗೆ: ಮ್ಯಾನೇಜರ್, ಕಲಾವಿದೆ, ಗಾರ್ಡ್, ಟಿಕೆಟ್ ಅಕ್ಕ.

ಗಾರ್ಡ್‌ನನ್ನು ಠಾಣೆಗೆ ಕರೆಸಿದರು.

“ಗಂಟೆ ಹೊಡೆದಾಗ ಎಲ್ಲಿದ್ದೆ?”

“ಕೆಳಗೆ, ಸಂಘದವರ ಬಸ್ ಹತ್ರ ಸಾರ್. ಇಬ್ಬರು ಅಜ್ಜಂದಿರ ಕೈ ಹಿಡಿದು ಇಳಿಸ್ತಿದ್ದೆ.”

“ನೋಡಿದವರು?”

“ಆ ಅಜ್ಜಂದಿರೇ. ಅವರಿಗೆ ಕಣ್ಣು ಮಂಜು.”

ಗುರುವಾರ ಮಧ್ಯಾಹ್ನ ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಹೋಗಿ ಮೇಷ್ಟ್ರ ಹೇಳಿಕೆ ಪಡೆದರು. ಮಂಚಕ್ಕೆ ಕಾಲು ಕಟ್ಟಿಸಿಕೊಂಡಿದ್ದರೂ ಅವರ ಬಾಯಿ ಚುರುಕಾಗಿತ್ತು.

“ನಲವತ್ತು ವರ್ಷ ಮಕ್ಕಳಿಗೆ ಓಡಬೇಡ್ರೋ ಅಂತ ಬೈದವನು ನಾನು. ಕೊನೆಗೆ ನಾನೇ ಓಡಿ ಬಿದ್ದೆ. ಇನ್ನು ನಡೆಯೋದು ಅನುಮಾನ ಅಂತ ಡಾಕ್ಟ್ರು ಹೇಳ್ತಾರೆ.”

“ನೋಡಿಕೊಳ್ಳೋರು?”

“ನರ್ಸ್ ಇದ್ದಾರೆ. ಆಮೇಲೆ ಆ ಟಿಕೆಟ್ ಕೊಡೋ ಹೆಣ್ಣುಮಗಳು ದಿನಾ ಮೂರು ಗಂಟೆಗೆ ಬರ್ತಾಳೆ. ಮಾತು ಕಡಿಮೆ. ಕೂತ್ಕೋತಾಳೆ, ನೀರು ಕುಡಿಸ್ತಾಳೆ, ನಿನ್ನೆ ಕನ್ನಡಕ ಒರೆಸಿಕೊಟ್ಲು. ಅಲ್ಲಿನ ಮ್ಯಾನೇಜರ್ ಕಳಿಸಿರಬೇಕು. ಒಳ್ಳೆ ಮನುಷ್ಯ.”

ಮ್ಯಾನೇಜರ್ ಯಾರನ್ನೂ ಎಲ್ಲಿಗೂ ಕಳಿಸುವ ಪೈಕಿಯವರಲ್ಲ ಎಂಬುದು ಇನ್ಸ್‌ಪೆಕ್ಟರ್‌ಗೆ ಅಷ್ಟರಲ್ಲಿ ಗೊತ್ತಾಗಿತ್ತು. ಅವರು ಹೇಳಿಕೆಗೆ ಸಹಿ ಹಾಕಿಸಿಕೊಂಡರು.

ಶುಕ್ರವಾರ ಬೆಳಿಗ್ಗೆ ಅವರು ಮತ್ತೆ ಗೇಟಿನ ಮುಂದೆ ನಿಂತರು. ಕತ್ತರಿಸಿ ಜೋಡಿಸಿದ್ದ ತಂತಿಯಿಂದ ಗೇಣು ದೂರದಲ್ಲೇ ಇಡೀ ನೆಲದ ಮುಖ್ಯ ಸ್ವಿಚ್ ಇತ್ತು.

“ಹಾಳು ಮಾಡೋಕೆ ಬಂದವನು ಇದನ್ನ ಯಾಕೆ ಮುಟ್ಟಲಿಲ್ಲ?”

“ನನಗೂ ಅದೇ ಆಶ್ಚರ್ಯ,” ಎಂದಳು ಕಲಾವಿದೆ. “ಇದೊಂದನ್ನ ಕೆಳಗೆ ಎಳೆದಿದ್ರೆ ನನ್ನ ಆರು ವರ್ಷದ ಕೆಲಸ ಮಣ್ಣುಪಾಲಾಗ್ತಿತ್ತು.”

“ಅಂದ್ರೆ ಅವನಿಗೆ ನೆಲ ಉಳೀಬೇಕು. ಜನ ಮಾತ್ರ ಬರಬಾರದು. ಜನ ಬಂದ್ರೆ ನೆಲಕ್ಕೆ ಏನಾಗುತ್ತೆ?”

ಆಕೆ ಕತ್ತಲೆ ಕೋಣೆಯ ಕಡೆ ತಿರುಗಿದಳು. ಆಮೇಲೆ ನಿಧಾನವಾಗಿ ಹೇಳಿದಳು. ನೆಲಕ್ಕೆ ಐದು ಸಾವಿರ ಜನರ ನಡಿಗೆ ಮಾತ್ರ ನೆನಪಿರುತ್ತದೆ. ಹೊಸಬರೊಬ್ಬರು ಗೇಟು ದಾಟಿದರೆ ಎಲ್ಲರಿಗಿಂತ ಹಳಬರೊಬ್ಬರು ಅಳಿಸಿಹೋಗುತ್ತಾರೆ. ಅವಳ ಕಲೆಯ ಅರ್ಥವೇ ಅದು. ಇನ್ನೇನು ಅಳಿಯಲಿದ್ದಾರೆ ಎನ್ನುವವರನ್ನು ನೆಲ ಉಳಿದವರಿಗಿಂತ ಹೆಚ್ಚು ಸಲ ನಡೆಸಿ ತೋರಿಸುತ್ತದೆ.

“ಹೋಗೋರಿಗೆ ಒಂದು ಬೀಳ್ಕೊಡುಗೆ ಇರಲಿ ಅಂತ ಹಾಗೆ ಮಾಡಿದೆ.”

“ಸೋಮವಾರ ನಾವು ಓಡಾಡಿದ್ವಲ್ಲ. ನಾವೂ ಲೆಕ್ಕಾನಾ?”

“ಗೇಟು ದಾಟಿದವರೆಲ್ಲ ಲೆಕ್ಕವೇ ಸಾರ್. ಒಬ್ಬರೇ ಎರಡು ಸಲ ದಾಟಿದ್ರೆ ಎರಡು.”

ರೇಡಿಯೋ ತನ್ನ ಬೂಟುಗಳನ್ನು ನೋಡಿಕೊಂಡ. “ನಾನೊಬ್ಬನೇ ಹತ್ತು ಸಲ ಹೋಗಿ ಬಂದಿರಬೇಕು,” ಎಂದ.

“ಈಗ ಅಳಿಸಿಹೋಗೋ ಅಂಚಿನಲ್ಲಿ ಯಾರಿದ್ದಾರೆ, ನೋಡಬಹುದಾ? ಗೇಟು ದಾಟದೆ.”

ಕಲಾವಿದೆ ಟಿಕೆಟ್ ಕೋಣೆಯ ಬಾಗಿಲು ತೆರೆದಳು. ಇನ್ಸ್‌ಪೆಕ್ಟರ್ ಟಿಕೆಟ್ ಅಕ್ಕನ ಕುರ್ಚಿಯನ್ನು ಹಿಂದಿನ ಕಿಟಕಿಯ ಕಡೆ ತಿರುಗಿಸಿಕೊಂಡು ಕೂತರು. ಕತ್ತಲೆಯಲ್ಲಿ ಒಂದೊಂದೇ ನಡಿಗೆ ಬಂದು ಹೋಯಿತು. ಒಬ್ಬರು ಅಂಚಿನಲ್ಲೇ ಅಂಜಿ ಅಂಜಿ ನಡೆದರು. ಜೋಡಿಯೊಂದು ಮಧ್ಯದಲ್ಲಿ ನಿಂತು ಜಗಳವಾಡಿದಂತೆ ಕಂಡಿತು. ಆಮೇಲೆ ಒಂದು ಜೊತೆ ಚಿಕ್ಕ ಪಾದಗಳು ಗೇಟಿನಿಂದ ಬೇಗ ಬೇಗ ಬಂದವು. ಕೋಣೆ ನೋಡುವ ಆಸೆಯೇ ಇಲ್ಲದ ಹಾಗೆ ನೇರವಾಗಿ ಈ ಕಿಟಕಿಯ ಬುಡಕ್ಕೆ ಬಂದು ನಿಂತವು. ಹಿಮ್ಮಡಿಯ ಬೆಳಕು ಆರಿತು. ಹತ್ತು ಬೆರಳುಗಳ ಬೆಳಕು ಮಾತ್ರ ಉಳಿಯಿತು. ಗಿಡ್ಡ ಆಳೊಂದು ಎತ್ತರದ ಕಿಟಕಿಯೊಳಗೆ ನೋಡಲು ತುದಿಗಾಲಲ್ಲಿ ನಿಂತಿತ್ತು.

ಆ ಬೆಳಕು ಬಹಳ ಹೊತ್ತು ಅಲ್ಲೇ ಇತ್ತು. ಒಮ್ಮೆ ಹಿಮ್ಮಡಿ ಊರಿತು, ಮತ್ತೆ ಎದ್ದಿತು. ಕೊನೆಗೆ ಪಾದಗಳು ತಿರುಗಿ, ಬಂದದ್ದಕ್ಕಿಂತ ನಿಧಾನವಾಗಿ ಹೊರಟುಹೋದವು.

ಅರ್ಧ ಗಂಟೆಯಲ್ಲಿ ಅದೇ ನಡಿಗೆ ಮೂರು ಸಲ ಬಂತು. ಇನ್ನು ಇಪ್ಪತ್ತು ಮೂವತ್ತು ಜನ ಗೇಟು ದಾಟಿದರೆ ಅದು ಇರುವುದಿಲ್ಲ ಎಂದಳು ಕಲಾವಿದೆ.

“ಇದೊಂದರ ನಕಲು ತೆಗೆದಿಡೋಕೆ ಆಗಲ್ವಾ?”

“ಇಡೀ ನಡಿಗೆ ಒಂದೇ ಕಡೆ ಇಲ್ಲ ಸಾರ್. ಪ್ರತಿ ಚೌಕಕ್ಕೂ ತನ್ನ ಮೇಲೆ ಬಿದ್ದ ಹೆಜ್ಜೆ ಮಾತ್ರ ಗೊತ್ತು. ನಕಲು ತೆಗೀಬೇಕಂದ್ರೆ ಚೌಕ ಬಿಚ್ಚಬೇಕು, ಬಿಚ್ಚಿದ್ರೆ ವಿದ್ಯುತ್ ಹೋಗುತ್ತೆ, ಅದು ಮರೆಯುತ್ತೆ. ಯಾರೂ ಕೂಡಿಡಬಾರದು ಅಂತಲೇ ಹಾಗೆ ಮಾಡಿದ್ದೆ.” ಆಕೆಯ ದನಿ ಸಣ್ಣದಾಯಿತು. “ಜಾಣತನ ಅಂದ್ಕೊಂಡಿದ್ದೆ.”

ಸಂಜೆ ಗಾರ್ಡ್‌ನನ್ನು ಮತ್ತೆ ಕರೆಸಿ ಕೇಳಿದರು.

“ಹಿಂದಿನ ಕಿಟಕಿ ಹತ್ರ ತುದಿಗಾಲಲ್ಲಿ ನಿಂತು ಮಾತಾಡ್ತಿದ್ದವರು ಯಾರಾದ್ರೂ ನೆನಪಿದ್ದಾರಾ?”

“ಟಿಕೆಟ್ ಅಕ್ಕನ ತಂಗಿ. ನಾನೇ ಟಿಕೆಟ್ ಇಲ್ಲದೆ ಬಿಟ್ಟಿದ್ದೆ, ಅಕ್ಕನ ಹತ್ರ ಎರಡು ಮಾತು ಅಂದ್ಲು.” ಅವನು ತಲೆ ತಗ್ಗಿಸಿದ. “ಅವತ್ತು ಸಂಜೆನೇ ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ತೀರಿಕೊಂಡ್ಲು. ಮೂರು ತಿಂಗಳಾಯ್ತು. ಸಾರ್, ಅಕ್ಕ ಅಂಥವಳಲ್ಲ.”

“ಎಂಥವಳು ಅಂತ ನಾನು ಹೇಳಿದ್ನಾ?”

ಸೋಮವಾರ ಮಧ್ಯಾಹ್ನ ಮೂರೂಮುಕ್ಕಾಲಿಗೆ ಟಿಕೆಟ್ ಅಕ್ಕ ಠಾಣೆಗೆ ಬಂದಳು. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು. ಮಹಿಳಾ ಕಾನ್‌ಸ್ಟೆಬಲ್ ಪಕ್ಕದಲ್ಲಿ ಕೂತರು. ರೇಡಿಯೋ ಬರೆಯಲು ಸಿದ್ಧನಾದ.

“ಆ ಭಾನುವಾರ ಗಂಟೆ ಬಾರಿಸಿದ್ದು ಯಾರು?”

ಉತ್ತರವಿಲ್ಲ.

“ಗೇಟಿನ ತಂತಿ ಕತ್ತರಿಸಿದ್ದು?”

ಆಕೆ ಮಡಿಲಲ್ಲಿದ್ದ ಕೈಚೀಲದ ಹಿಡಿಯನ್ನು ತಿರುಚುತ್ತ ಕೂತಿದ್ದಳು.

“ನೀವು ಮಾತಾಡದಿದ್ರೆ ತನಿಖೆ ಮುಗಿಯಲ್ಲ. ತನಿಖೆ ಮುಗಿಯದಿದ್ರೆ ಬಾಗಿಲು ತೆರೆಯಲ್ಲ. ಅಲ್ವಾ?”

ಆಕೆ ಮೊದಲ ಬಾರಿಗೆ ಮುಖ ಎತ್ತಿದಳು. ತಾವು ಊಹಿಸಿದ್ದು ಸರಿ ಎಂದು ಇನ್ಸ್‌ಪೆಕ್ಟರ್‌ಗೆ ಗೊತ್ತಾಯಿತು. ಗೊತ್ತಾದದ್ದಕ್ಕೆ ಯಾವ ಸಮಾಧಾನವೂ ಆಗಲಿಲ್ಲ.

“ಆ ಪಾದಗಳನ್ನ ನೋಡಿದೆ ನಾನು. ನಿಮ್ಮ ಕುರ್ಚಿಯಲ್ಲೇ ಕೂತು.”

ಆಕೆ ಕೈಚೀಲವನ್ನು ಎದೆಗೆ ಒತ್ತಿಕೊಂಡಳು.

“ಮ್ಯಾನೇಜರ್ ನಿನ್ನೆ ಬರೆದುಕೊಟ್ಟಿದ್ದಾರೆ, ಎಲ್ಲ ಗಾರ್ಡಿನದೇ ಕೆಲಸ ಅಂತ. ಮೇಲಿನವರೂ ಅವನನ್ನೇ ಒಳಗೆ ಹಾಕಿ ಕೇಸು ಮುಗಿಸು ಅಂತಿದ್ದಾರೆ.”

“ಅವನು ಏನೂ ಮಾಡಿಲ್ಲ ಸಾರ್.”

“ಹಾಗಂತ ಹೇಳೋರು ಯಾರೂ ಇಲ್ಲವಲ್ಲಮ್ಮ.”

ಬಹಳ ಹೊತ್ತಿನ ಮೇಲೆ ಆಕೆ ಕೇಳಿದಳು.

“ನಾನು ಹೇಳಿದ್ರೆ ಯಾವಾಗ ತೆರೀತಾರೆ?”

ಇನ್ಸ್‌ಪೆಕ್ಟರ್ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ನಾಳೆ ಬೆಳಿಗ್ಗೆ.”

“ನಾಳೆ ಎರಡು ಬಸ್ ಮಕ್ಕಳು ಬರೋದಿದೆ,” ಎಂದಳು ಆಕೆ. ಆಮೇಲೆ, “ಬರ್ಕೊಳ್ಳಿ,” ಎಂದಳು.

ತಂಗಿ ಸತ್ತ ಹದಿನೈದು ದಿನಕ್ಕೆ ಆಕೆ ಕೆಲಸಕ್ಕೆ ಮರಳಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಎತ್ತಿ ಆಡಿಸಿ ಬೆಳೆಸಿದ ತಂಗಿ. ಒಂದು ದಿನ ಜನ ಇಲ್ಲದ ಹೊತ್ತಿನಲ್ಲಿ ಯಾಕೋ ಹಿಂದಕ್ಕೆ ತಿರುಗಿದಾಗ ಆ ಬೆರಳುಗಳು ಕಿಟಕಿಯ ಬುಡದಲ್ಲಿ ಬೆಳಗುತ್ತಿದ್ದವು.

“ನೋಡಿದ ತಕ್ಷಣ ಗೊತ್ತಾಯ್ತು. ಮನೇಲಿ ಅಟ್ಟದ ಡಬ್ಬಿಗೂ ಹಾಗೇ ನಿಲ್ತಿದ್ಲು. ಮೊದಮೊದಲು ಅಪರೂಪಕ್ಕೆ ಬರೋಳು. ಆಮೇಲೆ ದಿನಾ. ಆಮೇಲೆ ದಿನಕ್ಕೆ ಎರಡು ಮೂರು ಸಲ. ನನ್ನನ್ನ ನೋಡೋಕೆ ಅಂತಲೇ ಬರ್ತಾಳೆ ಅಂತ ಹುಚ್ಚಿ ಹಾಗೆ ಸಂತೋಷಪಟ್ಟೆ. ಒಂದಿನ ಮೇಡಂ ಯಾರಿಗೋ ಹೇಳ್ತಿದ್ದದ್ದು ಕಿವಿಗೆ ಬಿತ್ತು, ಹೋಗೋರನ್ನೇ ಹೆಚ್ಚು ತೋರಿಸುತ್ತೆ ಅಂತ.”

“ಮೇಡಂಗೆ ಹೇಳಬಹುದಿತ್ತು.”

“ಎರಡು ಸಲ ಹೋದೆ. ಏನಂತ ಕೇಳಲಿ ಸಾರ್? ಜನ ಬರೋದು ನಿಲ್ಲಿಸಿ ಅಂತಲಾ?”

“ಫೋನಿನಲ್ಲಿ ತೆಗೆದಿಟ್ಟುಕೊಳ್ಳಬಹುದಿತ್ತು.”

“ತೆಗೆದೆ. ಕಪ್ಪಗಿರೋದರಲ್ಲಿ ಬಿಳಿ ಚುಕ್ಕಿ ಬಂತು. ಅದು ಅವಳಲ್ಲ.” ಆಕೆ ತನ್ನ ಅಂಗೈ ನೋಡಿಕೊಂಡಳು. “ಟಿಕೆಟ್ ಹರಿದುಕೊಡೋದು ನನ್ನ ಕೈಯೇ. ಒಂದೊಂದು ಹರಿದಾಗಲೂ ಅವಳನ್ನ ನಾನೇ ಆಚೆ ನೂಕಿದ ಹಾಗಾಗೋದು. ಭಾನುವಾರ ಆ ಸಂಘದವರು ಮೆಟ್ಟಿಲು ಹತ್ತೋದು ನೋಡಿದೆ. ತಲೆ ಕೆಟ್ಟುಹೋಯ್ತು. ಯಾರಾದ್ರೂ ಬೀಳ್ತಾರೆ ಅನ್ನೋದು ಹೊಳೀಲೇ ಇಲ್ಲ.”

“ತಂಗಿ ಅವತ್ತು ಯಾಕೆ ಬಂದಿದ್ರು?”

ಇಲ್ಲಿ ಆಕೆ ಅತ್ತಳು. ಅಳು ನಿಲ್ಲುವವರೆಗೆ ಇನ್ಸ್‌ಪೆಕ್ಟರ್ ಕಾದರು.

“ಮುಂದುಗಡೆ ಉದ್ದ ಕ್ಯೂ ಇತ್ತು. ಹಿಂದಿನಿಂದ ‘ಅಕ್ಕಾ’ ಅಂದ್ಲು. ನಾನು ತಿರುಗಲಿಲ್ಲ. ‘ಆಮೇಲೆ ಬಾರೇ, ಜನ ಇದ್ದಾರೆ’ ಅಂದೆ. ಹೋದ್ಲು ಅಂದ್ಕೊಂಡಿದ್ದೆ. ನೆಲ ನೋಡಿದ ಮೇಲೆ ಗೊತ್ತಾಯ್ತು ಸಾರ್, ಹೋಗಿರಲಿಲ್ಲ. ಅಷ್ಟು ಹೊತ್ತೂ ನನ್ನ ಬೆನ್ನು ನೋಡ್ಕೊಂಡು ನಿಂತಿದ್ಲು. ಏನು ಹೇಳೋಕೆ ಬಂದಿದ್ಲೋ. ಇವತ್ತಾದ್ರೂ ಗೊತ್ತಾಗುತ್ತೇನೋ ಅಂತ ದಿನಾ ತಿರುಗಿ ಕೂತು ನೋಡ್ತಿದ್ದೆ.”

ತಂತಿ ಕತ್ತರಿಸಿದ ಕಟಿಂಗ್ ಪ್ಲೇಯರ್ ಟಿಕೆಟ್ ಕೋಣೆಯ ಡ್ರಾಯರಿನಲ್ಲಿತ್ತು. ನಾಲ್ಕೂ ನಲವತ್ತಕ್ಕೆ ಪಂಚರ ಸಮಕ್ಷಮ ಅದನ್ನು ಆಕೆಯೇ ತೆಗೆದುಕೊಟ್ಟಳು. ಈ ಸಲ ಯಾರೂ ಗೇಟು ದಾಟಲಿಲ್ಲ. ರೇಡಿಯೋ ಗೇಟಿಗೆ ಅಡ್ಡವಾಗಿ ನಿಂತುಕೊಂಡಿದ್ದ, ಮ್ಯಾನೇಜರ್ ಬಂದು ಹೇಳಿದರೂ ಕದಲಲಿಲ್ಲ. ಮಹಜರು ಬರೆದು ಮುಗಿದ ಮೇಲೆ ಇನ್ಸ್‌ಪೆಕ್ಟರ್ ಪಂಚರನ್ನು ಹೊರಗೆ ಕಳಿಸಿ ತಾವೂ ಬಾಗಿಲ ಬಳಿ ಸರಿದು ನಿಂತರು.

ಆಕೆ ಕುರ್ಚಿ ತಿರುಗಿಸಿಕೊಂಡು ಕೂತಳು. ಬಹಳ ಕಾಯಬೇಕಾಗಲಿಲ್ಲ. ಚಿಕ್ಕ ಪಾದಗಳು ಬೇಗ ಬೇಗ ಬಂದು ಕಿಟಕಿಯ ಕೆಳಗೆ ನಿಂತವು.

“ಹೇಳೇ,” ಎಂದಳು ಆಕೆ.

ನಿಲ್ಲುವಷ್ಟು ಹೊತ್ತು ನಿಂತು ಅವು ಹೊರಟುಹೋದವು. ಆಕೆ ಎದ್ದು ಡ್ರಾಯರ್ ಮುಚ್ಚಿ, ಕೋಣೆಯ ಬೀಗದ ಕೈಯನ್ನು ಮ್ಯಾನೇಜರ್‌ಗೆ ಕೊಟ್ಟಳು. ಈ ಸಂಗತಿ ಮಹಜರಿನಲ್ಲಿ ಇಲ್ಲ.

ಐದೂಕಾಲಿಗೆ ಠಾಣೆಯಲ್ಲಿ ದಸ್ತಗಿರಿ ಪತ್ರ ಬರೆಯಲು ಕೂತರು. ವಯಸ್ಸು, ವಿಳಾಸ, ಗುರುತಿನ ಚಿಹ್ನೆ. ರೇಡಿಯೋ ಕೇಳುತ್ತಾ ಬರೆಯುತ್ತಾ ಹೋದ.

“ನಿಮ್ಮನ್ನ ಬಂಧಿಸಿದ ವಿಷಯ ಯಾರಿಗೆ ತಿಳಿಸ್ಬೇಕಮ್ಮ? ಒಬ್ಬರಿಗಾದ್ರೂ ತಿಳಿಸ್ಬೇಕು, ನಿಯಮ ಇದೆ. ಮನೆಯವರೋ, ಸಂಬಂಧಿಕರೋ.”

“ಇದ್ದವಳು ಅವಳೊಬ್ಬಳೇ.”

“ಪರಿಚಯದವರಾದ್ರೂ ಆಯ್ತು.”

ಆಕೆ ಸ್ವಲ್ಪ ಯೋಚಿಸಿದಳು. “ಆಸ್ಪತ್ರೇಲಿ ಮೇಷ್ಟ್ರಿದ್ದಾರಲ್ಲ, ಅವರಿಗೆ ತಿಳಿಸಿ. ದಿನಾ ಮೂರು ಗಂಟೆಗೆ ದಾರಿ ನೋಡ್ತಾರೆ.”

ರೇಡಿಯೋ ಪೆನ್ನು ಎತ್ತಿದ. “ಅಮ್ಮಾ, ಅವರು ಬಿದ್ದದ್ದು ನಿಮ್ಮಿಂದಲೇ...”

“ಗೊತ್ತಪ್ಪ. ಅದನ್ನೂ ತಿಳಿಸಿ. ಅವರು ಸುಮ್ಮನೆ ಕಾಯ್ಕೊಂಡಿರೋದು ಬೇಡ.”

ರೇಡಿಯೋ ಇನ್ಸ್‌ಪೆಕ್ಟರ್ ಮುಖ ನೋಡಿದ. ಅವರು ಬರೆ ಎಂದು ತಲೆಯಾಡಿಸಿದರು. ಆರೋಪಿಯ ಕಡೆಯವರು ಎಂದಿದ್ದ ಜಾಗದಲ್ಲಿ ಅವನು ಗಾಯಾಳುವಿನ ಹೆಸರನ್ನು ಬರೆದ.